ನೆವಾ ನದಿಯ ವಿದ್ಯುತ್ ದೋಣಿ

ನೀರಿನ ಮೇಲೆ ಸಂಚರಿಸಲು ಮಾನವನು ಮೊದಲು ತನ್ನ ತೋಳ್ಬಲವನ್ನೇ ನಂಬಿದನು. ಹುಟ್ಟು ಹಾಕಿ ಹಾಕಿ ದಣಿದ ಮೇಲೆ ಗಾಳಿಯ ನೆರವು ಬೇಡಿ ಹಾಯಿಯನ್ನು ಕಟ್ಟಿದನು. ಗಾಳಿ ಬೀಸಿದಾಗ ಹಾಯಿದೋಣಿ ಹಕ್ಕಿಯಂತೆ ಹಾರುತ್ತಿತ್ತು. ಗಾಳಿ ನಿಂತಾಗ ನಡುನೀರಿನಲ್ಲಿ ಅಸಹಾಯವಾಗಿ ನಿಲ್ಲುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಉಗಿಯಂತ್ರವು ಹಡಗನ್ನೇರಿತು. ಗಾಳಿಯ ಹಂಗು ತಪ್ಪಿತು, ನಿಜ. ಆದರೆ ಕಲ್ಲಿದ್ದಲಿನ ರಾಶಿ, ಕುದಿಯುವ ನೀರಿನ ಹಂಡೆ, ಹೊಗೆ, ಮಸಿ, ಬೆಂಕಿಯ ಭಯ ಇವೆಲ್ಲವೂ ಅದರ ಜೊತೆಗೇ ಬಂದವು. ಹೊಗೆಯಿಲ್ಲದೆ, ಬೆಂಕಿಯಿಲ್ಲದೆ, ಸದ್ದಿಲ್ಲದೆ ದೋಣಿಯನ್ನು ನಡೆಸುವ ಬಲವೊಂದು ದೊರೆತೀತೆ? ಈ ಪ್ರಶ್ನೆಯನ್ನು ಕೇಳಿದ್ದಲ್ಲದೆ, ಅದಕ್ಕೆ ಉತ್ತರವನ್ನು ನದಿಯ ನೀರಿನ ಮೇಲೆಯೇ ತೋರಿಸಿಕೊಟ್ಟವನು ಮೋರಿಟ್ಸ್ ಹೆರ್ಮನ್ ಯಾಕೋಬಿ.

ಯಾಕೋಬಿ 1801ರ ಸೆಪ್ಟೆಂಬರ್ 21ರಂದು ಪ್ರಷ್ಯ ದೇಶದ ಪಾಟ್ಸ್‌ಡಾಮ್ ನಗರದಲ್ಲಿ ಜನಿಸಿದನು. ತಂದೆ ಸೀಮೋನ್ ಯಾಕೋಬಿ ಅನುಕೂಲಸ್ಥನಾದ ಲೇವಾದೇವಿಗಾರ. ಮನೆಯಲ್ಲಿ ಐಶ್ವರ್ಯವಿತ್ತು, ಅದಕ್ಕಿಂತ ಮಿಗಿಲಾಗಿ ವಿದ್ಯೆಯಲ್ಲಿ ಆದರವಿತ್ತು. ಮೋರಿಟ್ಸನಿಗಿಂತ ಮೂರು ವರ್ಷ ಚಿಕ್ಕವನಾದ ತಮ್ಮ ಕಾರ್ಲ್ ಬಾಲ್ಯದಿಂದಲೇ ಅಸಾಧಾರಣ ಬುದ್ಧಿಶಾಲಿ. ಮುಂದೆ ಅವನು ಯೂರೋಪಿನ ಅಗ್ರಗಣ್ಯ ಗಣಿತಜ್ಞರಲ್ಲಿ ಒಬ್ಬನೆಂದು ಹೆಸರಾದನು. ತಮ್ಮನು ಇಪ್ಪತ್ತೈದು ತುಂಬುವ ಮೊದಲೇ ಪ್ರಾಧ್ಯಾಪಕನಾಗಿ ಕೀರ್ತಿ ಗಳಿಸಿದಾಗ ಅಣ್ಣನು ಇನ್ನೂ ತನ್ನ ದಾರಿಯನ್ನು ಹುಡುಕುತ್ತಲೇ ಇದ್ದನು.

ಬರ್ಲಿನ್ ಮತ್ತು ಗೊಟಿಂಗೆನ್ ವಿಶ್ವವಿದ್ಯಾಲಯಗಳಲ್ಲಿ ವ್ಯಾಸಂಗ ಮಾಡಿದ ಮೋರಿಟ್ಸನು ವಾಸ್ತುಶಿಲ್ಪವನ್ನು ವೃತ್ತಿಯಾಗಿ ಆರಿಸಿಕೊಂಡನು. ಕಟ್ಟಡಗಳ ನಕ್ಷೆ ಬರೆಯುವುದು, ಕಾಮಗಾರಿಗಳ ಮೇಲ್ವಿಚಾರಣೆ ಮಾಡುವುದು, ಇದೇ ಅವನ ಜೀವನೋಪಾಯವಾಯಿತು. ಆದರೆ ಮನಸ್ಸು ಕಲ್ಲುಗಾರೆಗಳಲ್ಲಿ ನಿಲ್ಲಲಿಲ್ಲ. 1831ರಲ್ಲಿ ಇಂಗ್ಲೆಂಡಿನ ಮೈಕೇಲ್ ಫ್ಯಾರಡೆ ವಿದ್ಯುತ್ಕಾಂತ ಪ್ರೇರಣೆಯನ್ನು ಕಂಡುಹಿಡಿದಿದ್ದನು. ವಿದ್ಯುತ್ತಿಗೂ ಕಾಂತತ್ವಕ್ಕೂ ಇರುವ ನಂಟು ಯೂರೋಪಿನ ತರುಣರ ಕುತೂಹಲವನ್ನು ಕೆರಳಿಸಿದ್ದ ಕಾಲವದು. ತಮ್ಮನು ಅಧ್ಯಾಪಕನಾಗಿದ್ದ ಕೋನಿಗ್ಸ್‌ಬರ್ಗ್ ನಗರಕ್ಕೆ ವಾಸ್ತುಶಿಲ್ಪಿಯಾಗಿ ಹೋದ ಯಾಕೋಬಿ, ಹಗಲಿನ ವೃತ್ತಿ ಮುಗಿದ ಮೇಲೆ ತಂತಿ, ಕಬ್ಬಿಣ, ಆಮ್ಲಗಳ ಸಹವಾಸದಲ್ಲಿ ಕಾಲ ಕಳೆಯತೊಡಗಿದನು.

ಕಬ್ಬಿಣದ ಸರಳಿಗೆ ತಾಮ್ರದ ತಂತಿಯನ್ನು ಸುತ್ತಿ ಅದರಲ್ಲಿ ವಿದ್ಯುತ್ತನ್ನು ಹರಿಸಿದರೆ ಆ ಸರಳು ಕಾಂತವಾಗುತ್ತದೆ. ಪ್ರವಾಹ ನಿಂತೊಡನೆ ಕಾಂತತ್ವವೂ ಅಳಿಯುತ್ತದೆ. ಈ ಗುಣವನ್ನು ಬಳಸಿ ಯಂತ್ರವೊಂದನ್ನು ನಡೆಸಬಹುದೆಂದು ಹಲವರು ಊಹಿಸಿದ್ದರು. ಆದರೆ ಅವರಲ್ಲಿ ಬಹುಮಂದಿ ಉಗಿಯಂತ್ರದ ಮಾದರಿಯನ್ನೇ ಕಣ್ಣಮುಂದೆ ಇಟ್ಟುಕೊಂಡು, ಹಿಂದಕ್ಕೂ ಮುಂದಕ್ಕೂ ಸರಿದಾಡುವ ದಂಡವನ್ನು ಕಾಂತಗಳಿಂದ ಎಳೆಯಿಸಲು ಹೊರಟಿದ್ದರು. ಯಾಕೋಬಿಗೆ ಇದು ಸರಿಯೆನಿಸಲಿಲ್ಲ. ಹೊಸ ಬಲಕ್ಕೆ ಹಳೆಯ ಯಂತ್ರದ ವೇಷವೇಕೆ? ಎಡೆಬಿಡದೆ ತಿರುಗುವ ಚಕ್ರವೇ ಅದಕ್ಕೆ ತಕ್ಕ ರೂಪವೆಂದು ಅವನು ನಿಶ್ಚಯಿಸಿದನು.

1834ರ ಮೇ ತಿಂಗಳಿನಲ್ಲಿ ಅವನ ಮೋಟಾರು ತಿರುಗಿತು. ಅದರಲ್ಲಿ ಎರಡು ಗುಂಪು ವಿದ್ಯುತ್ಕಾಂತಗಳಿದ್ದವು. ಒಂದು ಗುಂಪು ಸ್ಥಿರವಾಗಿತ್ತು. ಇನ್ನೊಂದು ಗುಂಪನ್ನು ತಿರುಗುವ ಬಿಲ್ಲೆಗೆ ಬಿಗಿಯಲಾಗಿತ್ತು. ವಿಜಾತೀಯ ಧ್ರುವಗಳು ಒಂದನ್ನೊಂದು ಸೆಳೆದು ಎದುರುಬದುರಾಗಿ ಬಂದ ಕ್ಷಣದಲ್ಲಿ ಪ್ರವಾಹದ ದಿಕ್ಕನ್ನು ಬದಲಿಸದಿದ್ದರೆ ಚಕ್ರ ಅಲ್ಲಿಯೇ ನಿಂತುಬಿಡುತ್ತದೆ. ಸರಿಯಾಗಿ ಆ ಕ್ಷಣದಲ್ಲಿಯೇ ದಿಕ್ಕನ್ನು ಬದಲಿಸುವ ದಿಕ್ಪರಿವರ್ತಕವೊಂದನ್ನು ಯಾಕೋಬಿ ರಚಿಸಿದ್ದನು. ಆಗ ಸೆಳೆತವು ವಿಕರ್ಷಣವಾಗಿ, ಚಕ್ರವು ಮುಂದಕ್ಕೆ ತಳ್ಳಲ್ಪಟ್ಟು, ಮುಂದಿನ ಕಾಂತದ ಸೆಳೆತಕ್ಕೆ ಒಳಗಾಗುತ್ತಿತ್ತು. ಈ ಪುಟ್ಟ ಯಂತ್ರವು ಹತ್ತು ಹನ್ನೆರಡು ಪೌಂಡು ತೂಕವನ್ನು ಸೆಕೆಂಡಿಗೆ ಒಂದು ಅಡಿಯಂತೆ ಮೇಲಕ್ಕೆತ್ತಿತು. ಇಂದಿನ ಅಳತೆಯಲ್ಲಿ ಅದರ ಸಾಮರ್ಥ್ಯ ಸುಮಾರು 15 ವಾಟ್. ಒಂದು ಚಿಕ್ಕ ದೀಪಕ್ಕೆ ಬೇಕಾಗುವಷ್ಟು. ಆದರೆ ಅಲ್ಲಿಯವರೆಗೆ ಬಂದಿದ್ದ ಆಟಿಕೆಗಳಂಥ ಯಂತ್ರಗಳ ನಡುವೆ ಅದು ದೈತ್ಯನೇ ಆಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಈ ಯಂತ್ರದ ವರದಿಯನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಓದಲಾಯಿತು. 1835ರಲ್ಲಿ ಅವನ ವಿಸ್ತಾರವಾದ ಪ್ರಬಂಧ ಪ್ರಕಟವಾಯಿತು. ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯವು ಅವನಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು. ಅದೇ ವರ್ಷ ರಷ್ಯ ಸಾಮ್ರಾಜ್ಯಕ್ಕೆ ಸೇರಿದ್ದ ಡಾರ್ಪಟ್ ನಗರದ ವಿಶ್ವವಿದ್ಯಾಲಯದಲ್ಲಿ ಅವನು ವಾಸ್ತುಶಿಲ್ಪದ ಪ್ರಾಧ್ಯಾಪಕನಾದನು.

ಪ್ರಯೋಗಶಾಲೆಯ ಮೇಜಿನ ಮೇಲೆ ತಿರುಗುವ ಚಕ್ರದಿಂದ ಲೋಕಕ್ಕೇನು ಪ್ರಯೋಜನ? ಯಾಕೋಬಿಯ ಕಣ್ಣು ನೀರಿನ ಕಡೆಗೆ ಹೊರಳಿತು. ಹಡಗಿನಲ್ಲಿ ಈ ಯಂತ್ರವನ್ನಿಟ್ಟರೆ ಉಗಿಯಂತ್ರದ ಅಪಾಯಗಳೊಂದೂ ಇರಲಾರದೆಂದು ಅವನು ನಂಬಿದನು. ರಷ್ಯದ ಚಕ್ರವರ್ತಿ ಒಂದನೆಯ ನಿಕೊಲಾಸನ ಸರ್ಕಾರಕ್ಕೆ ಈ ಯೋಜನೆ ಹಿಡಿಸಿತು. 1837ರಲ್ಲಿ ಯಾಕೋಬಿಯನ್ನು ರಾಜಧಾನಿಯಾದ ಸೇಂಟ್ ಪೀಟರ್ಸ್‌ಬರ್ಗಿಗೆ ಕರೆಸಿಕೊಳ್ಳಲಾಯಿತು. ವಿದ್ಯುತ್ಕಾಂತ ಬಲದಿಂದ ಹಡಗನ್ನು ನಡೆಸುವ ಬಗೆಯನ್ನು ಪರಿಶೀಲಿಸಲು ಸಮಿತಿಯೊಂದು ನೇಮಕವಾಯಿತು. 50,000 ರೂಬಲ್‌ಗಳ ಭಾರಿ ಮೊತ್ತವೂ ಮಂಜೂರಾಯಿತು. ಸಮಿತಿಯ ಅಧ್ಯಕ್ಷನಾದವನು ಅಡ್ಮಿರಲ್ ಕ್ರೂಸೆನ್‌ಸ್ಟರ್ನ್. 1803ರಿಂದ 1806ರವರೆಗೆ ಹಾಯಿಹಡಗಿನಲ್ಲಿ ಭೂಪ್ರದಕ್ಷಿಣೆ ಮಾಡಿ ಬಂದಿದ್ದ ಮಹಾನಾವಿಕನವನು. ಗಾಳಿಯನ್ನು ನಂಬಿ ಲೋಕವನ್ನೇ ಸುತ್ತಿದ ಆ ವೃದ್ಧನು ಗಾಳಿಯ ಹಂಗಿಲ್ಲದ ಹೊಸ ಬಲವನ್ನು ಪರೀಕ್ಷಿಸಲು ಕುಳಿತದ್ದು ಕಾಲದ ವೈಚಿತ್ರ್ಯವೇ ಸರಿ. ಪ್ರಸಿದ್ಧ ಭೌತವಿಜ್ಞಾನಿ ಲೆನ್ಸ್‌ನೂ ಆ ಸಮಿತಿಯಲ್ಲಿದ್ದು ಯಾಕೋಬಿಗೆ ಆಪ್ತ ಸಹೋದ್ಯೋಗಿಯಾದನು.

ಹುಟ್ಟುಗಳಿಂದ ನಡೆಸುತ್ತಿದ್ದ ದೋಣಿಯೊಂದನ್ನು ಆರಿಸಿಕೊಳ್ಳಲಾಯಿತು. ಅದರ ಉದ್ದ 28 ಅಡಿ. ಅದರ ಎರಡು ಪಕ್ಕಗಳಿಗೂ ಹಲಗೆಗಳುಳ್ಳ ಚಕ್ರಗಳನ್ನು ಜೋಡಿಸಿದರು. ದೋಣಿಯೊಳಗೆ ಮೋಟಾರು ನಿಂತಿತು. ಅದಕ್ಕೆ ವಿದ್ಯುತ್ತನ್ನೊದಗಿಸಲು ಸತು ಮತ್ತು ತಾಮ್ರದ ಫಲಕಗಳ 320 ಜೋಡಿಗಳನ್ನು ಅಣಿಗೊಳಿಸಲಾಯಿತು. ಇಂದಿನಂತೆ ಗುಂಡಿಯೊತ್ತಿ ನಡೆಸುವ ಅನುಕೂಲವೆಲ್ಲಿ? ಒಂದೊಂದು ಕೋಶಕ್ಕೂ ದ್ರಾವಣ ತುಂಬಬೇಕು, ಒಂದೊಂದು ಬೆಸುಗೆಯನ್ನೂ ಪರೀಕ್ಷಿಸಬೇಕು. ಇಷ್ಟೆಲ್ಲವನ್ನೂ ಅಲುಗಾಡುವ ದೋಣಿಯಲ್ಲಿ ಕಾಪಾಡಿಕೊಳ್ಳಬೇಕು.

1838ರ ಸೆಪ್ಟೆಂಬರ್ ತಿಂಗಳಲ್ಲಿ ಆ ದೋಣಿಯನ್ನು ನೆವಾ ನದಿಗೆ ಇಳಿಸಲಾಯಿತು. ಹನ್ನೆರಡಕ್ಕಿಂತ ಹೆಚ್ಚು ಮಂದಿ ಅದರಲ್ಲಿ ಕುಳಿತರು. ಹಾಯಿ ಬಿಚ್ಚಲಿಲ್ಲ, ಹುಟ್ಟು ಹಾಕಲಿಲ್ಲ, ಹೊಗೆ ಏಳಲಿಲ್ಲ. ಆದರೂ ಚಕ್ರಗಳು ನೀರನ್ನು ಮೊಗೆದು ತಳ್ಳಿದವು. ದೋಣಿ ಮುಂದೆ ಸಾಗಿತು. ಅದರ ವೇಗ ಗಂಟೆಗೆ ಸುಮಾರು ಎರಡೂವರೆ ಕಿಲೋಮೀಟರು ಮಾತ್ರ. ದಡದಲ್ಲಿ ನಡೆಯುವ ಮನುಷ್ಯನು ಅದನ್ನು ಸುಲಭವಾಗಿ ಹಿಂದೆ ಹಾಕಬಹುದಾಗಿತ್ತು. ಆದರೆ ಅಂದು ನದಿಯ ಮೇಲೆ ನಡೆದದ್ದು ವೇಗದ ಪಂದ್ಯವಲ್ಲ. ಅಷ್ಟೊಂದು ಮಂದಿಯನ್ನು ಹೊತ್ತ ದೋಣಿಯೊಂದು ವಿದ್ಯುತ್ತಿನ ಬಲದಿಂದ ನದಿಯ ಮೇಲೆ ಸಾಗಿದ್ದು ಮಾನವನ ಇತಿಹಾಸದಲ್ಲಿ ಅದೇ ಮೊದಲು.

ಯಾಕೋಬಿ ಅಷ್ಟಕ್ಕೆ ತೃಪ್ತನಾಗಲಿಲ್ಲ. ಮೋಟಾರನ್ನು ಸುಧಾರಿಸಿದನು, ತಾಮ್ರದ ಬದಲು ಪ್ಲಾಟಿನಂ ಫಲಕಗಳನ್ನು ಬಳಸುವ, ಹೆಚ್ಚು ಪ್ರಬಲವಾದ ಬ್ಯಾಟರಿಯನ್ನು ತಂದನು. 1839ರ ಆಗಸ್ಟಿನಲ್ಲಿ ದೋಣಿ ಮತ್ತೆ ನೆವಾ ನದಿಗಿಳಿಯಿತು. ಈ ಸಲ ಅದರ ವೇಗ ಗಂಟೆಗೆ ನಾಲ್ಕು ಕಿಲೋಮೀಟರಿಗೆ ಏರಿತು. ಆದರೆ ಹೊಸ ಬ್ಯಾಟರಿಯಲ್ಲಿ ನೈಟ್ರಿಕ್ ಆಮ್ಲವಿತ್ತು. ಅದರಿಂದ ಎದ್ದ ಕೆಂಗಂದು ಬಣ್ಣದ ವಿಷಧೂಮವು ಉಸಿರಾಟಕ್ಕೆ ತೊಡಕಾಗುವಂಥದು. ಹೊಗೆಯಿಲ್ಲದ ದೋಣಿಯನ್ನು ಕಟ್ಟಹೊರಟವನಿಗೆ ಹೊಗೆಯೇ ಬೇರೊಂದು ರೂಪದಲ್ಲಿ ಎದುರಾಯಿತು.

ಇದಕ್ಕಿಂತ ದೊಡ್ಡ ತೊಡಕು ಲೆಕ್ಕದ ಪುಸ್ತಕದಲ್ಲಿ ಅಡಗಿತ್ತು. ಬ್ಯಾಟರಿಯೆಂಬುದು ಬರಿದಾಗದ ಅಕ್ಷಯಪಾತ್ರೆಯಲ್ಲ. ಉಗಿಯಂತ್ರದ ಒಲೆಯಲ್ಲಿ ಕಲ್ಲಿದ್ದಲು ಉರಿದುಹೋಗುವಂತೆ ಬ್ಯಾಟರಿಯಲ್ಲಿ ಸತು ಕರಗಿಹೋಗುತ್ತದೆ. ಸತುವೇ ಅಲ್ಲಿಯ ಇಂಧನ. ಕಲ್ಲಿದ್ದಲನ್ನು ನೆಲದಿಂದ ಅಗೆದು ತೆಗೆದರೆ ಸಾಕು; ಸತುವನ್ನಾದರೋ ಅದಿರಿನಿಂದ ಬೇರ್ಪಡಿಸಲು ರಾಶಿ ರಾಶಿ ಕಲ್ಲಿದ್ದಲನ್ನೇ ಉರಿಸಬೇಕು. ಹೀಗಿರುವಾಗ ಸತುವಿನಿಂದ ಪಡೆದ ಬಲವು ಕಲ್ಲಿದ್ದಲಿನಿಂದ ಪಡೆದ ಬಲಕ್ಕಿಂತ ಅಗ್ಗವಾಗುವುದು ಹೇಗೆ?

ಮೊದಮೊದಲು ಯಾಕೋಬಿಗೆ ಒಂದು ಆಶೆಯಿತ್ತು. ಘರ್ಷಣೆಯನ್ನು ಕಡಿಮೆ ಮಾಡಿದಷ್ಟೂ ಮೋಟಾರಿನ ವೇಗ ಏರುತ್ತ ಹೋಗುವುದು. ಅಲ್ಪ ವೆಚ್ಚದಲ್ಲಿ ಅಪಾರ ಬಲ ದೊರೆಯುವುದು ಎಂದು ಅವನು ಭಾವಿಸಿದ್ದನು. ಆದರೆ ಅವನು ಕನಸುಗಾರನಾಗಿದ್ದಂತೆ ಪ್ರಾಮಾಣಿಕನಾದ ಅಳತೆಗಾರನೂ ಆಗಿದ್ದನು. ವರ್ಷಗಟ್ಟಲೆ ನಡೆಸಿದ ಪ್ರಯೋಗಗಳಿಂದ ಒಂದು ಸತ್ಯ ಹೊರಬಿದ್ದಿತು. ಮೋಟಾರು ತಿರುಗತೊಡಗಿದೊಡನೆ ಅದು ತಾನೇ ಒಂದು ವಿದ್ಯುಜ್ಜನಕದಂತೆ ವರ್ತಿಸಿ, ಬ್ಯಾಟರಿಯ ಒತ್ತಡಕ್ಕೆ ಪ್ರತಿಯಾಗಿ ಮತ್ತೊಂದು ಒತ್ತಡವನ್ನು ಹುಟ್ಟಿಸುತ್ತದೆ. ವೇಗ ಹೆಚ್ಚಿದಂತೆ ಈ ಪ್ರತಿಬಲವೂ ಹೆಚ್ಚುತ್ತದೆ. ಆದಕಾರಣ ವೇಗಕ್ಕೆ ಒಂದು ಮಿತಿಯಿದೆ. ಪಡೆಯುವ ಕೆಲಸಕ್ಕೂ ಕರಗುವ ಸತುವಿಗೂ ತಪ್ಪಿಸಲಾಗದ ಲೆಕ್ಕವಿದೆ. ಬ್ಯಾಟರಿಯ ಒಳಗಿನ ರೋಧವೂ ಹೊರಗಿನ ರೋಧವೂ ಸಮನಾಗಿದ್ದಾಗ ಹೊರಗಿನ ಭಾಗಕ್ಕೆ ಗರಿಷ್ಠ ಸಾಮರ್ಥ್ಯ ದೊರೆಯುತ್ತದೆಂಬ ನಿಯಮವು ಇಂದಿಗೂ ಯಾಕೋಬಿಯ ಹೆಸರಿನಲ್ಲಿದೆ.

ಈ ಘಟ್ಟದಲ್ಲಿ ಯಾಕೋಬಿಯ ನಡತೆ ಗಮನಾರ್ಹವಾದುದು. ಚಕ್ರವರ್ತಿಯ ಕೃಪೆಯಿತ್ತು, ಬೊಕ್ಕಸದ ಹಣವಿತ್ತು, ದೋಣಿ ನೀರಿನ ಮೇಲೆ ಓಡಿದ್ದನ್ನು ಜನರು ಕಂಡಿದ್ದರು. ಇನ್ನಷ್ಟು ದೊಡ್ಡ ಮಾತುಗಳನ್ನಾಡಿ ಇನ್ನಷ್ಟು ಹಣವನ್ನು ಪಡೆಯುವುದು ಕಷ್ಟವಿರಲಿಲ್ಲ. ಆದರೆ ತನ್ನ ಪ್ರಯೋಗಗಳು ತನ್ನ ಆಶೆಗೇ ವಿರುದ್ಧವಾಗಿ ನುಡಿದಾಗ ಅವನು ಆಶೆಯನ್ನು ಬಿಟ್ಟು ಪ್ರಯೋಗಗಳನ್ನು ನಂಬಿದನು. ಬ್ಯಾಟರಿಯ ಸ್ವರೂಪ ಬದಲಾಗುವವರೆಗೆ ವಿದ್ಯುತ್ ದೋಣಿಯು ಉಗಿದೋಣಿಯನ್ನು ಸರಿಗಟ್ಟಲಾರದೆಂಬುದನ್ನು ಒಪ್ಪಿಕೊಂಡನು. 1840ರ ದಶಕದ ಮೊದಲ ವರ್ಷಗಳಲ್ಲಿ ದೋಣಿಯ ಕೆಲಸ ನಿಂತಿತು. ಮೂವತ್ತರ ಹರೆಯದಲ್ಲಿ ಹಿಡಿದ ಕನಸನ್ನು ನಲವತ್ತರ ಹೊಸ್ತಿಲಲ್ಲಿ ಕೈಬಿಡುವಾಗ ಅವನಿಗೆ ನೋವಾಗಿರದೆ ಇದ್ದೀತೆ? ಆದರೆ ಸತ್ಯವನ್ನು ಮರೆಮಾಚಿ ಪಡೆದ ಗೆಲುವು ಗೆಲುವಲ್ಲವೆಂಬುದನ್ನು ಅವನು ತನ್ನ ನಡತೆಯಿಂದ ತೋರಿದನು.

ಕೈಗೂಡದ ಪ್ರಯತ್ನವೂ ವ್ಯರ್ಥವಾಗದೆಂಬುದಕ್ಕೆ ಯಾಕೋಬಿಯ ಬಾಳೇ ಸಾಕ್ಷಿ. ಬ್ಯಾಟರಿಗಳೊಡನೆ ಹೆಣಗುತ್ತಿದ್ದಾಗ ಅವನು ಒಂದು ಸೋಜಿಗವನ್ನು ಕಂಡಿದ್ದನು. ತಾಮ್ರದ ಫಲಕದ ಮೇಲೆ ದ್ರಾವಣದಿಂದ ಬಂದ ತಾಮ್ರವು ತೆಳುವಾದ ಪದರವಾಗಿ ಕೂಡುತ್ತಿತ್ತು. ಆ ಪದರವನ್ನು ಬಿಡಿಸಿ ನೋಡಿದರೆ ಫಲಕದ ಮೇಲಿನ ಒಂದೊಂದು ಗೀರೂ ಅದರಲ್ಲಿ ಅಚ್ಚೊತ್ತಿದಂತೆ ಮೂಡಿರುತ್ತಿತ್ತು. ಮತ್ತೊಬ್ಬನಾಗಿದ್ದರೆ ಅದನ್ನು ಬ್ಯಾಟರಿಯ ದೋಷವೆಂದು ಎಣಿಸಿ ಕೆರೆದೆಸೆಯುತ್ತಿದ್ದನೇನೋ! ಯಾಕೋಬಿ ಅದರಲ್ಲಿ ಹೊಸದೊಂದು ಕಲೆಯನ್ನೇ ಕಂಡನು. ವಿದ್ಯುತ್ತಿನ ನೆರವಿನಿಂದ ಯಾವುದೇ ಆಕೃತಿಯ ಯಥಾವತ್ತಾದ ಲೋಹದ ಪ್ರತಿಯನ್ನು ಪಡೆಯಬಹುದೆಂದು 1838ರ ಅಕ್ಟೋಬರಿನಲ್ಲಿ ವಿಜ್ಞಾನ ಅಕಾಡೆಮಿಗೆ ತಿಳಿಸಿದನು. ಇಂಗ್ಲೆಂಡಿನಲ್ಲಿಯೂ ಹೆಚ್ಚುಕಡಮೆ ಅದೇ ಕಾಲಕ್ಕೆ ಕೆಲವರು ಇದೇ ದಿಕ್ಕಿನಲ್ಲಿ ಸಾಗಿದ್ದರು. 1840ರಲ್ಲಿ ಅವನು ಈ ವಿಧಾನವನ್ನು ವಿವರಿಸಿ ಗ್ರಂಥವನ್ನು ಪ್ರಕಟಿಸಿದನು. ನೋಟುಗಳ ಮುದ್ರಣಕ್ಕೆ ಬೇಕಾದ ಅಚ್ಚುಗಳು, ಸೇಂಟ್ ಐಸಾಕ್ ಮಹಾಮಂದಿರವನ್ನು ಅಲಂಕರಿಸಿದ ಶಿಲ್ಪಗಳು ಈ ವಿಧಾನದಿಂದ ಸಿದ್ಧವಾದವು. ಇದಕ್ಕಾಗಿ ಅವನಿಗೆ ರಷ್ಯದ ಹೆಸರಾಂತ ಡೆಮಿಡೋವ್ ಬಹುಮಾನ ಬಂದಿತು. ಆ ಹಣವನ್ನು ಅವನು ತನ್ನ ಸುಖಕ್ಕೆ ಬಳಸದೆ ವಿದ್ಯುತ್ಕಾಂತ ಸಂಶೋಧನೆಗೇ ಮೀಸಲಿಟ್ಟನು.

ಮುಂದೆ ಅವನ ಗಮನ ತಂತಿ ಸಮಾಚಾರದ ಕಡೆಗೆ ಹರಿಯಿತು. 1841ರಲ್ಲಿ ಚಕ್ರವರ್ತಿಯ ಚಳಿಗಾಲದ ಅರಮನೆಯಿಂದ ಸೇನಾ ಕಚೇರಿಗೆ ನೆಲದಡಿಯ ತಂತಿಯನ್ನು ಹಾಕಿಸಿದನು. 1843ರಲ್ಲಿ ರಾಜಧಾನಿಯಿಂದ ಸುಮಾರು 25 ಕಿಲೋಮೀಟರು ದೂರದ ತ್ಸಾರ್‌ಸ್ಕೊಯೆ ಸೆಲೊ ಎಂಬಲ್ಲಿಗೆ ಅಂಥದೇ ತಂತಿ ಹೋಯಿತು. 1850ರಲ್ಲಿ ಅಕ್ಷರಗಳನ್ನೇ ಮುದ್ರಿಸುವ ತಂತಿಯಂತ್ರವೊಂದನ್ನು ರಚಿಸಿದನು. 1847ರಲ್ಲಿಯೇ ಅಕಾಡೆಮಿಯ ಪೂರ್ಣ ಸದಸ್ಯತ್ವದ ಗೌರವ ಅವನಿಗೆ ಸಂದಿತ್ತು. ರಷ್ಯದ ಪ್ರಜೆಯಾಗಿ, ಬೋರಿಸ್ ಸೆಮ್ಯೊನೊವಿಚ್ ಎಂಬ ಹೆಸರಿನಿಂದ ಅವನು ಆ ನಾಡಿನವನೇ ಆಗಿಬಿಟ್ಟಿದ್ದನು.

ಮುಪ್ಪಿನಲ್ಲಿ ಅವನು ಕೈಗೊಂಡ ಕಾರ್ಯ ಇನ್ನೂ ವ್ಯಾಪಕವಾದುದು. ದೇಶಕ್ಕೊಂದು ಮೊಳ, ಊರಿಗೊಂದು ಸೇರು ಇರುವಾಗ ವಿಜ್ಞಾನಿಗಳು ತಮ್ಮ ಅಳತೆಗಳನ್ನು ಹೋಲಿಸಿ ನೋಡುವುದು ಹೇಗೆ? ಜಗತ್ತಿಗೆಲ್ಲ ಒಂದೇ ಅಳತೆ ಬೇಕೆಂದು ಯಾಕೋಬಿ ದುಡಿದನು. 1867ರ ಪ್ಯಾರಿಸ್ ಪ್ರದರ್ಶನದ ಕಾಲದಲ್ಲಿ ಅಳತೆ ತೂಕಗಳ ಬಗೆಗೆ ಸೇರಿದ್ದ ಸಮಿತಿಯಲ್ಲಿ ಮೆಟ್ರಿಕ್ ಪದ್ಧತಿಯ ಪರವಾಗಿ ನಿಂತನು. 1874ರ ಮಾರ್ಚ್ 10ರಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅವನು ನಿಧನನಾದನು. ಮರುವರ್ಷವೇ, 1875ರಲ್ಲಿ, ಹಲವು ರಾಷ್ಟ್ರಗಳು ಪ್ಯಾರಿಸ್ಸಿನಲ್ಲಿ ಸೇರಿ ಮೀಟರ್ ಒಪ್ಪಂದಕ್ಕೆ ಸಹಿ ಹಾಕಿದವು. ಆ ಫಲವನ್ನು ಕಾಣಲು ಬಿತ್ತಿದವನು ಉಳಿದಿರಲಿಲ್ಲ.

ನೆವಾ ನದಿಯ ದೋಣಿಯ ಕಥೆ ಮುಗಿಯಿತೆ? ಇಲ್ಲ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ, ಬರಿದಾದ ಮೇಲೆ ಮತ್ತೆ ವಿದ್ಯುತ್ತನ್ನು ತುಂಬಬಹುದಾದ ಸೀಸದ ಬ್ಯಾಟರಿಯನ್ನು ಕಂಡುಹಿಡಿದನು. 1881ರಲ್ಲಿ ಅದೇ ದೇಶದ ಗುಸ್ತಾವ್ ತ್ರೂವೆ ಪ್ಯಾರಿಸ್ಸಿನ ಸೇನ್ ನದಿಯಲ್ಲಿ ವಿದ್ಯುತ್ ದೋಣಿಯನ್ನು ನಡೆಸಿದನು. ಅಷ್ಟರಲ್ಲಿ ಮತ್ತೊಂದು ಬಲ ರಂಗಕ್ಕೆ ಬಂದಿತು. 1897ರಲ್ಲಿ ಜರ್ಮನಿಯ ರುಡಾಲ್ಫ್ ಡೀಸೆಲನ ಎಂಜಿನ್ ಪರೀಕ್ಷೆಯಲ್ಲಿ ಗೆದ್ದಿತು. ಆರು ವರ್ಷಗಳ ಅನಂತರ ರಷ್ಯದಲ್ಲಿಯೇ, ನೊಬೆಲ್ ಸಹೋದರರ ಸಂಸ್ಥೆಗಾಗಿ ನಿರ್ಮಿಸಿದ ವ್ಯಾಂಡಲ್ ಎಂಬ ತೈಲದ ಹಡಗಿನಲ್ಲಿ ಡೀಸೆಲ್ ಎಂಜಿನುಗಳನ್ನಿಟ್ಟರು. ಆ ಎಂಜಿನುಗಳನ್ನು ಹಿಮ್ಮುಖವಾಗಿ ತಿರುಗಿಸಲು ಬರುತ್ತಿರಲಿಲ್ಲ. ಆದುದರಿಂದ ಅವುಗಳಿಂದ ವಿದ್ಯುತ್ತನ್ನು ಉತ್ಪಾದಿಸಿ, ಆ ವಿದ್ಯುತ್ತಿನಿಂದ ಮೋಟಾರುಗಳನ್ನು ನಡೆಸಿ ಹಡಗನ್ನು ಚಲಿಸುವಂತೆ ಮಾಡಿದರು. ಕ್ರಮೇಣ ಡೀಸೆಲ್ ಎಂಜಿನೇ ಸಮುದ್ರದ ಒಡೆಯನಾಯಿತು. ಚಿಕ್ಕ ಹಾಯಿದೋಣಿಗಳ ಒಡಲಿನಲ್ಲಿಯೂ ಅದು ನೆಲೆಸಿತು.

ಈಗ ಕಾಲಚಕ್ರ ಮತ್ತೊಂದು ಸುತ್ತು ಉರುಳಿದೆ. ಲೀಥಿಯಂ ಬ್ಯಾಟರಿಗಳು ಬಂದ ಮೇಲೆ ಹಲವು ದೇಶಗಳ ನಾವಿಕರು ತಮ್ಮ ಹಾಯಿದೋಣಿಗಳಿಂದ ಡೀಸೆಲ್ ಎಂಜಿನನ್ನು ಕಳಚಿ, ಅದರ ಜಾಗದಲ್ಲಿ ವಿದ್ಯುತ್ ಮೋಟಾರನ್ನು ಕೂರಿಸುತ್ತಿದ್ದಾರೆ. ನಮ್ಮ ನೆರೆಯ ಕೇರಳದ ವೈಕಂ ಬಳಿಯ ಹಿನ್ನೀರಿನಲ್ಲಿ 2017ರಲ್ಲಿ ಆದಿತ್ಯ ಎಂಬ ದೋಣಿ ಬಿಸಿಲಿನಿಂದ ಪಡೆದ ವಿದ್ಯುತ್ತಿನ ಬಲದಿಂದಲೇ ಪ್ರಯಾಣಿಕರನ್ನು ದಾಟಿಸತೊಡಗಿತು. ಹಾಯಿದೋಣಿಯ ಮೋಟಾರಿನಲ್ಲಿ ಇನ್ನೊಂದು ಚಮತ್ಕಾರವಿದೆ. ಗಾಳಿ ಚೆನ್ನಾಗಿ ಬೀಸುವಾಗ ದೋಣಿ ಹಾಯಿಯ ಬಲದಿಂದಲೇ ಓಡುತ್ತದೆ. ಆಗ ಹಿಂದೆ ಸರಿಯುವ ನೀರು ದೋಣಿಯ ತಳದಲ್ಲಿರುವ ಚಕ್ರವನ್ನು ತಿರುಗಿಸುತ್ತದೆ. ಮೋಟಾರು ವಿದ್ಯುಜ್ಜನಕವಾಗಿ ಬರಿದಾದ ಬ್ಯಾಟರಿಯನ್ನು ತುಂಬುತ್ತದೆ. ತಿರುಗುವ ಮೋಟಾರು ತಾನೇ ವಿದ್ಯುತ್ತನ್ನು ಹುಟ್ಟಿಸುತ್ತದೆಂಬ ಈ ಸಂಗತಿಯೇ ಅಲ್ಲವೆ ಅಂದು ಯಾಕೋಬಿಯ ಆಶೆಗೆ ಮಿತಿಯನ್ನು ಹಾಕಿದ್ದು? ಅಂದು ತಡೆಯಾಗಿ ನಿಂತ ನಿಯಮವೇ ಇಂದು ನಾವಿಕನಿಗೆ ನೆರವಾಗಿ ಒದಗಿದೆ.

ತನ್ನ ಕಾಲಕ್ಕೆ ಮೊದಲೇ ಹುಟ್ಟಿದ ವಿಚಾರವೊಂದನ್ನು ಹಿಡಿದು, ಅದನ್ನು ಎಲ್ಲಿಯವರೆಗೆ ಒಯ್ಯಲು ಸಾಧ್ಯವೋ ಅಲ್ಲಿಯವರೆಗೆ ಒಯ್ದು, ಮುಂದೆ ದಾರಿಯಿಲ್ಲವೆಂದು ಕಂಡಾಗ ಅದನ್ನು ಪ್ರಾಮಾಣಿಕವಾಗಿ ಲೋಕಕ್ಕೆ ತಿಳಿಸಿದವನು ಯಾಕೋಬಿ. ಅವನು ಬಿಟ್ಟುಹೋದ ಅಳತೆಗಳು ಮುಂದಿನವರಿಗೆ ದಾರಿದೀಪಗಳಾದವು. ನೆವಾ ನದಿಯ ಮೇಲೆ ಕಾಲ್ನಡಿಗೆಗಿಂತಲೂ ನಿಧಾನವಾಗಿ ಸಾಗಿದ ಆ ದೋಣಿ ದಡ ಸೇರಲು ನೂರೆಂಬತ್ತು ವರ್ಷಗಳೇ ಬೇಕಾದುವೆಂದರೆ ತಪ್ಪಾಗಲಾರದು.